ನಿಲ್ಲಿಸುವ ವಿದ್ಯೆ: ಇಂಗ್ಲೆಂಡಿನ ಮೋಟಾರು ಚಾಲನ ಪರೀಕ್ಷೆಯ ಒಂದು ಕಲಮಿನ ಚರಿತ್ರೆ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷ ಯಾವ ಬಂಡಿ ಗಂಟೆಗೆ ಎಷ್ಟು ಮೈಲಿ ಓಡಿತು, ಯಾವ ಪಂದ್ಯದಲ್ಲಿ ಯಾರಿಗೆ ಜಯ ದೊರೆಯಿತು ಎಂಬ ಸಂಗತಿಗಳಿಗೆ ಗ್ರಂಥಗಳಲ್ಲಿ ಕೊರತೆಯಿಲ್ಲ. ಓಡುವ ಬಂಡಿಯನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟು ಪ್ರಾಶಸ್ತ್ಯ ದೊರೆತಿಲ್ಲ. ಆದರೆ ಶಾಸನಕರ್ತರನ್ನು ಮೊದಲಿನಿಂದಲೂ ಕಾಡಿದ್ದು ಈ ಎರಡನೆಯ ಪ್ರಶ್ನೆಯೇ. ಬಂಡಿ ಓಡುವುದು ಒಡೆಯನ ಸುಖಕ್ಕೆ. ಅದು ನಿಲ್ಲುವುದು ದಾರಿಯಲ್ಲಿ ಹೋಗುವ ಮಿಕ್ಕೆಲ್ಲರ ಕ್ಷೇಮಕ್ಕೆ. ಹೀಗಿರಲಾಗಿ ನಿಲುಗಡೆಯ ಚರಿತ್ರೆಯನ್ನು ಕೇವಲ ಯಂತ್ರಶಾಸ್ತ್ರದ ವಿಷಯವೆಂದು ತಳ್ಳಿಹಾಕದೆ ಸಾಮಾಜಿಕ ಚರಿತ್ರೆಯ ಒಂದು ಭಾಗವೆಂದೇ ಪರಿಶೀಲಿಸುವುದು ಯುಕ್ತವಾಗಿದೆ.

ನಮ್ಮ ದೇಶದಲ್ಲಿ ಇಂದು ಚಾಲನ ಪರವಾನಗಿಯನ್ನು ಬಯಸುವವನು ಸಾಮಾನ್ಯವಾಗಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದಕ್ಕೆ ಒಳಪಟ್ಟು ಪರೀಕ್ಷೆಗೆ ನಿಲ್ಲಬೇಕು. ಆ ನಿಯಮವು ಅಭ್ಯರ್ಥಿಯಿಂದ ಅಪೇಕ್ಷಿಸುವ ಸಾಮರ್ಥ್ಯಗಳಲ್ಲಿ ಒಂದು, ವಾಹನವನ್ನು ತುರ್ತು ಸಂದರ್ಭದಲ್ಲಿಯೂ ಸಾಧಾರಣ ಸಂದರ್ಭದಲ್ಲಿಯೂ ನಿಲ್ಲಿಸಬಲ್ಲವನಾಗಿರಬೇಕು, ಸಾಧಾರಣವಾಗಿ ನಿಲ್ಲಿಸುವಾಗ ರಸ್ತೆಯ ತಕ್ಕ ಜಾಗದಲ್ಲಿ ನಿಲ್ಲಿಸಬೇಕು ಎಂಬುದು. ಇದೇ ತಾತ್ಪರ್ಯದ ಕಲಮು 1939ರ ನಮ್ಮ ಮೋಟಾರು ವಾಹನಗಳ ಕಾಯಿದೆಯ ಅನುಸೂಚಿಯಲ್ಲಿಯೂ ಇತ್ತು. ಅದಕ್ಕೂ ಮೊದಲು 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಪರೀಕ್ಷೆಯಲ್ಲಿಯೂ ಇತ್ತು. ಮಾತು ಹೆಚ್ಚುಕಡಮೆ ಹಾಗೆಯೇ ಉಳಿದಿದೆ. ಆದರೆ ಆ ಮಾತು ಯಾವ ಕ್ರಿಯೆಯನ್ನು ಕೇಳುತ್ತದೆಯೋ ಆ ಕ್ರಿಯೆ ಮಾತ್ರ ಈ ತೊಂಬತ್ತು ವರ್ಷಗಳಲ್ಲಿ ಎರಡು ಮೂರು ಬಾರಿ ತಿರುವುಮುರುವಾಗಿದೆ. ಒಂದು ಕಾಲದಲ್ಲಿ ತಪ್ಪೆನಿಸಿದ್ದು ಇನ್ನೊಂದು ಕಾಲಕ್ಕೆ ಸರಿಯಾದ ಕ್ರಮವಾಯಿತು. ಅದಕ್ಕಿಂತಲೂ ಗಮನಾರ್ಹವಾದುದು ಇನ್ನೊಂದಿದೆ: ಪರೀಕ್ಷಕನು ಬಹುಕಾಲ ಅಭ್ಯರ್ಥಿಯ ಪಾದವನ್ನು ಪರೀಕ್ಷಿಸಿದನಲ್ಲದೆ ಅವನ ಕಣ್ಣನ್ನು ಪರೀಕ್ಷಿಸಲಿಲ್ಲ. ಈ ಎರಡು ಅಂಶಗಳನ್ನು ಇಂಗ್ಲೆಂಡಿನ ಉದಾಹರಣೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಕುದುರೆಯ ಗಾಡಿಯ ಕಾಲದಲ್ಲಿ ನಿಲ್ಲಿಸುವ ಕೆಲಸ ಇಬ್ಬರದು. ಸಾರಥಿಯು ಲಗಾಮನ್ನು ಎಳೆಯುತ್ತಿದ್ದನು, ನಿಜ. ಆದರೆ ಎದುರಿಗೆ ಗೋಡೆಯೋ ಹಳ್ಳವೋ ಮಲಗಿದ ಮನುಷ್ಯನೋ ಇದ್ದರೆ ಸಾರಥಿಯು ತೂಕಡಿಸುತ್ತಿದ್ದರೂ ಕುದುರೆಯು ತಾನಾಗಿಯೇ ತಡೆಯುತ್ತಿತ್ತು. ನಮ್ಮ ಎತ್ತಿನ ಗಾಡಿಯಲ್ಲಿ ಸಂತೆಯಿಂದ ರಾತ್ರಿ ಹಿಂದಿರುಗುವ ರೈತನು ನಿಶ್ಚಿಂತನಾಗಿ ನಿದ್ದೆಹೋಗುತ್ತಿದ್ದುದೂ ಇದೇ ಧೈರ್ಯದಿಂದ. ಉಗಿಯಂತ್ರದ ಬಂಡಿ ಹೆದ್ದಾರಿಗೆ ಬಂದಾಗ ಈ ಎರಡನೆಯ ಪ್ರಜ್ಞೆ ಇಲ್ಲವಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟು ಅದನ್ನು ಹೇಗೆ ತುಂಬಿಸಿತು ಎಂಬುದನ್ನು 1865ರ ಲೊಕೊಮೋಟಿವ್ ಶಾಸನದಲ್ಲಿ ಕಾಣಬಹುದು. ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ಎಂದು ಆ ಶಾಸನವು ವೇಗವನ್ನು ಮಿತಗೊಳಿಸಿತು. ಬಂಡಿಗೆ ಕಡಮೆಯೆಂದರೆ ಮೂವರು ಆಳುಗಳು ಇರತಕ್ಕದ್ದೆಂದಿತು. ಅವರಲ್ಲೊಬ್ಬನು ಕೆಂಪು ಬಾವುಟವನ್ನು ಹಿಡಿದು ಬಂಡಿಗಿಂತ 60 ಗಜ ಮುಂದೆ ನಡೆಯಬೇಕೆಂದು ವಿಧಿಸಿತು. ಈ ಬಾವುಟದವನನ್ನು ಕುರಿತು ನಗೆಯಾಡುವುದು ಈಗ ವಾಡಿಕೆ. ಶಾಸನವು ಅವನಿಗೆ ಒಪ್ಪಿಸಿದ್ದ ಕೆಲಸವನ್ನು ಓದಿದವರು ಅಷ್ಟು ಸುಲಭವಾಗಿ ನಗಲಾರರು. ಕುದುರೆ ಸವಾರರಿಗೆ ಎಚ್ಚರಿಕೆ ಕೊಡುವುದು ಮಾತ್ರವಲ್ಲದೆ, ನಿಲ್ಲುವುದು ಅವಶ್ಯವಾದಾಗ ಚಾಲಕನಿಗೆ ಸಂಜ್ಞೆಮಾಡಿ ತಿಳಿಸುವುದೂ ಅವನ ಹೊಣೆಯಾಗಿತ್ತು. ಅಂದರೆ, ಅಪಾಯವನ್ನು ಕಾಣುವ ಕಣ್ಣನ್ನು ಶಾಸನವು ಯಂತ್ರದಿಂದ ಬೇರ್ಪಡಿಸಿ 60 ಗಜ ಮುಂದಕ್ಕೆ ಕಳುಹಿಸಿತ್ತು. ಕಾಣುವವನೊಬ್ಬ, ನಿಲ್ಲಿಸುವವನೊಬ್ಬ. 1878ರಲ್ಲಿ ಈ ವಿಧಿಯನ್ನು ಸಡಿಲಿಸಿದರು.

1896ರಲ್ಲಿ ಹಗುರವಾದ ಮೋಟಾರು ಬಂಡಿಗಳನ್ನು ಈ ಕಟ್ಟಳೆಗಳಿಂದ ಬಿಡುಗಡೆ ಮಾಡುವ ಶಾಸನ ಹೊರಟಿತು. ಅದೇ ವರ್ಷದ ಆಗಸ್ಟ್ 17ರಂದು, ಎಂದರೆ ಆ ಶಾಸನವು ಜಾರಿಗೆ ಬರುವ ಮೊದಲೇ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪ್ರದರ್ಶನದ ಕಾರೊಂದಕ್ಕೆ ಸಿಕ್ಕಿ ಮಡಿದಳು. ಬ್ರಿಟನ್ನಿನಲ್ಲಿ ಕಾರು ಬಡಿದು ಸತ್ತ ಪಾದಚಾರಿಗಳಲ್ಲಿ ಮೊದಲನೆಯವಳೆಂದು ಅವಳ ಹೆಸರು ಚರಿತ್ರೆಯಲ್ಲಿ ಉಳಿದಿದೆ. ವಿಚಾರಣೆಯಲ್ಲಿ ಪಂಚರು ಆಕಸ್ಮಿಕ ಮರಣವೆಂದು ತೀರ್ಪಿತ್ತರು. ಕಾರಿನ ವೇಗ ಎಷ್ಟಿತ್ತು ಎಂಬುದರ ಬಗ್ಗೆ ಸಾಕ್ಷಿಗಳಲ್ಲಿ ಒಮ್ಮತವಿರಲಿಲ್ಲ. ವೇಗವಾಗಿತ್ತೆಂದು ಕೆಲವರು, ಇರಲಿಲ್ಲವೆಂದು ಕೆಲವರು. ಈ ವಿವಾದ ಮುಂದಿನ ನೂರು ವರ್ಷಗಳ ಇಂಥ ಎಲ್ಲ ವಿಚಾರಣೆಗಳಿಗೂ ಪೀಠಿಕೆಯಂತಿದೆ.

ಹೊಸ ಶಾಸನದ ಪ್ರಕಾರ ಹೊರಡಿಸಿದ ಆಜ್ಞೆಯಲ್ಲಿ ನಿಲುಗಡೆಗೆ ಸಂಬಂಧಪಟ್ಟ ಎರಡು ಸಂಗತಿಗಳಿವೆ. ಬಂಡಿಗೆ ಒಂದನ್ನೊಂದು ಅವಲಂಬಿಸದ ಎರಡು ಬ್ರೇಕುಗಳು ಇರಬೇಕೆಂಬುದು ಒಂದು. ಪೋಲೀಸಿನವನಾಗಲಿ ಕುದುರೆಯನ್ನು ನಡೆಸುವ ಯಾರೇ ಆಗಲಿ ಕೈಯೆತ್ತಿ ಸಂಜ್ಞೆಮಾಡಿದರೆ ಮೋಟಾರಿನವನು ನಿಲ್ಲಿಸತಕ್ಕದ್ದು ಎಂಬುದು ಇನ್ನೊಂದು. ಬಾವುಟದವನು ಹೋದನು, ಆದರೆ ಅವನ ಕೈ ಉಳಿಯಿತು. ಅದು ದಾರಿಯಲ್ಲಿ ಕುದುರೆಯನ್ನು ನಡೆಸುವವರೆಲ್ಲರಿಗೂ ಹಂಚಿಹೋಯಿತು. 1903ರ ಮೋಟಾರು ಕಾರು ಶಾಸನವು ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ ಏರಿಸಿತು, ಚಾಲಕನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಪರವಾನಗಿಗೆ ಬೇಕಾದದ್ದು 17 ವರ್ಷ ವಯಸ್ಸು ಮತ್ತು 5 ಷಿಲ್ಲಿಂಗು. ಫ್ರಾನ್ಸಿನಲ್ಲಿ 1899ರ ಹೊತ್ತಿಗೇ ಸಾಮರ್ಥ್ಯದ ಪ್ರಮಾಣಪತ್ರ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಹಣ ಕಟ್ಟಿದವನೆಲ್ಲ ಚಾಲಕನೆನಿಸಿಕೊಂಡನು. ಸ್ಥೂಲವಾಗಿ ಹೇಳುವುದಾದರೆ, 1896ರಿಂದ 1935ರವರೆಗೆ ನಿಲ್ಲುವ ಜವಾಬ್ದಾರಿಯನ್ನು ಕಾನೂನು ಯಂತ್ರದ ಮೇಲೆ ಹೊರಿಸಿತ್ತು. ಬ್ರೇಕು ಇದೆಯೇ ಎಂದು ಕೇಳಿತು. ಅದನ್ನು ಒತ್ತಲು ಬರುತ್ತದೆಯೇ ಎಂದು ಕೇಳಲಿಲ್ಲ.

ಆ ಕಾಲದ ಬಂಡಿಗಳನ್ನು ನಿಲ್ಲಿಸುವುದಾದರೂ ಎಂಥ ಸಾಹಸ! ಆಗಿನ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅನೇಕ ಕಾರುಗಳಲ್ಲಿ ಕೈಸಲಾಕೆಯು ಹಿಂದಿನ ಚಕ್ರಗಳ ಮೇಲೆ ಕೆಲಸಮಾಡಿದರೆ, ಕಾಲಿನ ಬ್ರೇಕು ಗೇರುಪೆಟ್ಟಿಗೆಯ ಹಿಂಬದಿಯ ದಂಡದ ಮೇಲೆ ಕೆಲಸಮಾಡುತ್ತಿತ್ತು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ‘ಟಿ’ ಮಾದರಿಯಲ್ಲಿ ಮೂರು ಪಾದಪಟ್ಟಿಗಳಿದ್ದವು. ಇಂದಿನವನು ಅವುಗಳ ಮೇಲೆ ಕಾಲಿಟ್ಟರೆ ಅನರ್ಥವಾದೀತು. ಏಕೆಂದರೆ ಎಡಗಡೆಯದು ಗೇರು, ನಡುವಿನದು ಹಿಂಚಲನೆ, ಬಲಗಡೆಯದು ಬ್ರೇಕು. ಇಂಧನವನ್ನು ಏರಿಸಿ ಇಳಿಸುವ ಸಾಧನ ಚಕ್ರದಂಡದ ಬಳಿ ಬೆರಳಿಗೆ ಸಿಕ್ಕುತ್ತಿತ್ತು. ಕಾರನ್ನು ನಿಲ್ಲಿಸಲು ಬೆರಳಿನಿಂದ ಇಂಧನವನ್ನು ತಗ್ಗಿಸಿ, ಎಡಗಾಲಿನಿಂದ ಪಟ್ಟಿಯನ್ನು ಅರ್ಧ ಮಾತ್ರ ಒತ್ತಿಹಿಡಿದು, ಬಲಗಾಲಿನಿಂದ ಬ್ರೇಕನ್ನು ಮೆಟ್ಟಬೇಕಾಗಿತ್ತು. ಪೂರ್ತಿ ಒತ್ತಿದರೆ ಕೆಳಗಿನ ಗೇರು ಹಿಡಿದು ಬಂಡಿ ಮುನ್ನುಗ್ಗುತ್ತಿತ್ತು.

ಹಿಂದಿನ ಚಕ್ರಗಳನ್ನಷ್ಟೇ ಹಿಡಿದರೆ ಏನಾಗುತ್ತದೆ ಎಂಬುದು ಒದ್ದೆ ನೆಲದಲ್ಲಿ ಸೈಕಲ್ಲಿನ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ ಹುಡುಗರೆಲ್ಲರಿಗೂ ಗೊತ್ತು. ಬಂಡಿಯ ಬೆನ್ನು ಪಕ್ಕಕ್ಕೆ ಹೊರಳುತ್ತದೆ. ಮರದ ತುಂಡು ಹಾಸಿದ ಲಂಡನ್ನಿನ ಬೀದಿಗಳಲ್ಲಿ ಮಳೆಯ ದಿನ ಇಂಥ ಜಾರಾಟ ನಿತ್ಯದ ನೋಟವಾಗಿತ್ತು. ಆದ್ದರಿಂದ ಆ ಕಾಲದ ಒಳ್ಳೆಯ ಚಾಲಕನ ಲಕ್ಷಣ ಬ್ರೇಕನ್ನು ಒತ್ತದಿರುವುದೇ ಆಗಿತ್ತು: ದೂರದಿಂದಲೇ ಇಂಧನ ತಗ್ಗಿಸುವುದು, ಗೇರನ್ನು ಇಳಿಸುವುದು, ಇಂಜಿನಿನ ತಡೆಯಿಂದಲೇ ವೇಗವನ್ನು ಕಳೆಯುವುದು, ಕೊನೆಯಲ್ಲಿ ಮಾತ್ರ ಬ್ರೇಕಿಗೆ ಕೈಹಾಕುವುದು. ನಾಲ್ಕು ಚಕ್ರಗಳಿಗೂ ಬ್ರೇಕು ಸಾಮಾನ್ಯವಾದದ್ದು 1920ರ ದಶಕದಲ್ಲಿ. ಆಗ ಹೊಸದೊಂದು ಅಪಾಯ ಹುಟ್ಟಿತು. ಮುಂದಿನ ಕಾರು ಥಟ್ಟನೆ ನಿಲ್ಲುತ್ತಿತ್ತು, ಹಿಂದಿನ ಹಳೆಯ ಕಾರು ನಿಲ್ಲಲಾರದೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ಅದಕ್ಕಾಗಿ ಹೊಸ ಬ್ರೇಕಿನ ಕಾರುಗಳ ಬೆನ್ನಿಗೆ ಕೆಂಪು ತ್ರಿಕೋನವೊಂದನ್ನು ತಗುಲಿಹಾಕಿ ಹಿಂದೆ ಬರುವವರನ್ನು ಎಚ್ಚರಿಸುತ್ತಿದ್ದರು. ಚೆನ್ನಾಗಿ ನಿಲ್ಲುವುದೇ ಅಪಾಯವೆನಿಸಿದ್ದು ಚರಿತ್ರೆಯಲ್ಲಿ ಇದೊಂದು ಘಟ್ಟ.

1930ರ ರಸ್ತೆ ಸಂಚಾರ ಶಾಸನವು ಕಾರುಗಳ ವೇಗಮಿತಿಯನ್ನು ರದ್ದುಮಾಡಿತು. ಯಾರೂ ಪಾಲಿಸದ ನಿಯಮವಿದ್ದರೆಷ್ಟು ಬಿಟ್ಟರೆಷ್ಟು ಎಂಬುದು ವಾದ. ಅದಕ್ಕೆ ಪ್ರತಿಯಾಗಿ ‘ಹೈವೇ ಕೋಡ್’ ಎಂಬ ಕಿರುಹೊತ್ತಗೆ 1931ರ ಏಪ್ರಿಲಿನಲ್ಲಿ ಒಂದು ಪೆನ್ನಿಯ ಬೆಲೆಗೆ ಪ್ರಕಟವಾಯಿತು. ಸಜ್ಜನಿಕೆಯನ್ನು ನಂಬಿದ ಈ ವ್ಯವಸ್ಥೆಯ ಪರಿಣಾಮ ಬೇಗನೆ ತಿಳಿದುಬಂದಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಆಗ ಆ ದೇಶದಲ್ಲಿದ್ದ ಮೋಟಾರು ವಾಹನಗಳ ಸಂಖ್ಯೆ ಇಪ್ಪತ್ತೈದು ಲಕ್ಷವನ್ನೂ ಮುಟ್ಟಿರಲಿಲ್ಲ. 2022ರಲ್ಲಿ ಅಲ್ಲಿನ ವಾಹನಗಳ ಸಂಖ್ಯೆ ನಾಲ್ಕು ಕೋಟಿಯ ಆಸುಪಾಸಿನಲ್ಲಿತ್ತು, ಮಡಿದವರು 1,711. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ 1934ರ ಗಾಬರಿ ನಮಗೆ ಅರ್ಥವಾಗುತ್ತದೆ.

ಆ ವರ್ಷದ ಶಾಸನವು ಜನವಸತಿಯ ಪ್ರದೇಶದಲ್ಲಿ ಗಂಟೆಗೆ 30 ಮೈಲಿಯ ಮಿತಿಯನ್ನು ಹಾಕಿತು. ಹೊಸ ಚಾಲಕರಿಗೆ ಪರೀಕ್ಷೆಯನ್ನು ವಿಧಿಸಿತು. ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾನ ಕಾಲದಲ್ಲಿ ಇದು ಕಾರ್ಯರೂಪಕ್ಕೆ ಬಂತು. ಒಮ್ಮೆಗೇ ನೂಕುನುಗ್ಗಲಾಗದಿರಲೆಂದು 1935ರ ಮಾರ್ಚಿಯಿಂದ ಇಚ್ಛೆಯುಳ್ಳವರಿಗೆ ಪರೀಕ್ಷೆ ನಡೆಸಿ, ಜೂನ್ 1ರಿಂದ ಅದನ್ನು ಕಡ್ಡಾಯಗೊಳಿಸಿದರು. 1934ರ ಏಪ್ರಿಲ್ 1ರಂದು ಅಥವಾ ಅನಂತರ ಚಾಲನೆ ಆರಂಭಿಸಿದವರು ಮಾತ್ರ ಇದಕ್ಕೆ ಒಳಪಟ್ಟರು. ಅದಕ್ಕೆ ಹಿಂದಿನವರೆಲ್ಲ ಜೀವಾವಧಿ ಪಾರಾದರು. ಶುಲ್ಕ 7 ಷಿಲ್ಲಿಂಗು 6 ಪೆನ್ಸು. ಪರೀಕ್ಷೆಗೆ ಕಟ್ಟಡವೂ ಇರಲಿಲ್ಲ; ರೈಲು ನಿಲ್ದಾಣದ ಮುಂದೆಯೋ ಉದ್ಯಾನದ ಬಾಗಿಲಿನಲ್ಲಿಯೋ ಪರೀಕ್ಷಕನು ಅಭ್ಯರ್ಥಿಗಾಗಿ ಕಾದು ನಿಲ್ಲುತ್ತಿದ್ದನು. ಅರ್ಧ ಗಂಟೆಯ ಪರೀಕ್ಷೆ. ಆರಂಭದಲ್ಲಿ ನೂರಕ್ಕೆ 63 ಮಂದಿ ತೇರ್ಗಡೆಯಾದರು.

ಈ ಪರೀಕ್ಷೆಯಲ್ಲಿ ನಿಲುಗಡೆಯು ಎರಡು ಬಗೆಯಾಗಿ ಬಂದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಧಾರಣ ನಿಲುಗಡೆಯು ತೋರಿಕೆಗೆ ಸುಲಭ. ಎಡಗಡೆಯಲ್ಲಿ ಅನುಕೂಲವಾದ ಕಡೆ ನಿಲ್ಲಿಸಿ ಎಂದು ಪರೀಕ್ಷಕನು ಹೇಳುವನು. ಎಲ್ಲಿ ಎಂದು ಅವನು ಹೇಳುವುದಿಲ್ಲ. ಆ ಆಯ್ಕೆಯೇ ಪರೀಕ್ಷೆ. ತಿರುವಿನ ಬಳಿ, ದಾರಿಗಳು ಕೂಡುವೆಡೆಯಲ್ಲಿ, ಇನ್ನೊಬ್ಬರ ಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದವನು ಎಷ್ಟೇ ನವುರಾಗಿ ನಿಲ್ಲಿಸಿದ್ದರೂ ತಪ್ಪಿದವನೇ. ಮೊದಲು ಕನ್ನಡಿ, ಅನಂತರ ಸಂಜ್ಞೆ, ಅನಂತರ ಬ್ರೇಕು. 1935ರ ಚಾಲಕನಿಗೆ ಸಂಜ್ಞೆಯೆಂದರೆ ಕಿಟಕಿಯ ಹೊರಗೆ ಚಾಚಿದ ಬಲಗೈ. ಅಂಗೈಯನ್ನು ಕೆಳಮುಖವಾಗಿಟ್ಟು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಆ ಹೊತ್ತಿನಲ್ಲಿ ಚಕ್ರವನ್ನು ಹಿಡಿದಿರುವುದು ಎಡಗೈ ಒಂದೇ. ಗೇರನ್ನು ಬದಲಾಯಿಸುವುದೂ ಆ ಎಡಗೈಯೇ. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ. ಬಂಡಿ ಪೂರ್ತಿ ನಿಂತ ಮೇಲೆ ಕೈಬ್ರೇಕು. ನಾಲ್ಕು ಅವಯವಗಳಿಗೆ ಐದು ಕೆಲಸವನ್ನು ಹಂಚುವ ಈ ಕಷ್ಟವನ್ನು ನೆನೆದರೆ, ಕೈಸಂಜ್ಞೆಯನ್ನು ಪರೀಕ್ಷೆಯಿಂದ ತೆಗೆದದ್ದು 1975ರಲ್ಲಿ ಎಂಬುದು ಆಶ್ಚರ್ಯವನ್ನುಂಟುಮಾಡುತ್ತದೆ. ಅಷ್ಟು ಹೊತ್ತಿಗೆ ವಿದ್ಯುದ್ದೀಪದ ಸಂಜ್ಞೆಗಳು ಬಂದು ಎಷ್ಟೋ ಕಾಲವಾಗಿತ್ತು.

ತುರ್ತು ನಿಲುಗಡೆಯ ಸ್ವರೂಪ ಬೇರೆ. ಮಗುವೊಂದು ಹಠಾತ್ತಾಗಿ ರಸ್ತೆಗೆ ಓಡಿಬಂದಿತೆಂದು ಭಾವಿಸಿ, ನಾನು ಸಂಜ್ಞೆಮಾಡಿದೊಡನೆ ನಿಲ್ಲಿಸಬೇಕು ಎಂದು ಪರೀಕ್ಷಕನು ಮುಂಚೆಯೇ ತಿಳಿಸಿರುತ್ತಾನೆ. ಸ್ವಲ್ಪ ದೂರ ಹೋದ ಮೇಲೆ, ಹಿಂದೆ ಯಾರೂ ಬರುತ್ತಿಲ್ಲವೆಂದು ತಾನೇ ತಿರುಗಿ ನೋಡಿ ಖಚಿತಪಡಿಸಿಕೊಂಡು ಸಂಜ್ಞೆ ಕೊಡುತ್ತಾನೆ. ಕೈಯಲ್ಲಿದ್ದ ಹಲಗೆಯನ್ನೋ ವೃತ್ತಪತ್ರಿಕೆಯನ್ನೋ ಮುಂದಿನ ಫಲಕಕ್ಕೆ ಬಡಿಯುವುದು ಹಳೆಯ ಪದ್ಧತಿ. ಕೈಯನ್ನು ಮುಂದಕ್ಕೆತ್ತಿ ನಿಲ್ಲಿಸೆನ್ನುವುದು ಇಂದಿನ ಪದ್ಧತಿ. 1865ರಲ್ಲಿ 60 ಗಜ ಮುಂದೆ ನಡೆಯುತ್ತಿದ್ದವನು 1935ರಲ್ಲಿ ಚಾಲಕನ ಪಕ್ಕದಲ್ಲಿಯೇ ಬಂದು ಕುಳಿತನೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅಪಾಯವನ್ನು ಕಾಣುವ ಕೆಲಸ ಇಲ್ಲಿಯೂ ಅಭ್ಯರ್ಥಿಯದಲ್ಲ. ಕಾಣುವವನು ಪರೀಕ್ಷಕ, ಅಭ್ಯರ್ಥಿಯ ಪಾಲಿಗೆ ಉಳಿದದ್ದು ಕಾಲು. ಕನ್ನಡಿಯನ್ನು ನೋಡಬೇಕಾಗಿಲ್ಲ, ಕೈಸಂಜ್ಞೆ ಬೇಕಾಗಿಲ್ಲ. ಎರಡು ಕೈಗಳೂ ಚಕ್ರದ ಮೇಲಿರಬೇಕು, ಚಕ್ರಗಳು ಸಿಕ್ಕಿಕೊಂಡು ಜಾರಬಾರದು, ಬಂಡಿ ನೇರವಾಗಿ ನಿಲ್ಲಬೇಕು.

ಎರಡು ಕೈಗಳೂ ಚಕ್ರದ ಮೇಲೆ ಎಂಬ ಈ ನಿಯಮವನ್ನು ಎಲ್ಲ ಕಾರುಗಳಲ್ಲಿಯೂ ಪಾಲಿಸುವುದು ಸಾಧ್ಯವಿತ್ತೇ? ಇಂಗ್ಲೆಂಡಿನ ಮಧ್ಯಮ ವರ್ಗದವರಿಗೆ ಮೋಟಾರನ್ನು ಎಟುಕಿಸಿದ ಆಸ್ಟಿನ್ ಸೆವೆನ್ 1922ರಲ್ಲಿ ಬಂದಾಗಲೇ ಅದಕ್ಕೆ ನಾಲ್ಕು ಚಕ್ರಗಳಲ್ಲಿಯೂ ಬ್ರೇಕು ಇತ್ತು. ಆದರೆ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ, ಕೈಬ್ರೇಕು ಮುಂದಿನ ಚಕ್ರಗಳಿಗೆ! ಇವೆರಡನ್ನೂ ಜೋಡಿಸಿದ್ದು 1930ರ ಸುಮಾರಿಗೆ. ಆದ್ದರಿಂದ ಅಣ್ಣನ ಹಳೆಯ ಆಸ್ಟಿನ್ನನ್ನು ಎರವಲು ತಂದು 1935ರಲ್ಲಿ ಪರೀಕ್ಷೆಗೆ ನಿಂತ ತಮ್ಮನು ತುರ್ತಾಗಿ ನಿಲ್ಲಿಸಬೇಕಾದರೆ ಕೈಯನ್ನೂ ಕಾಲನ್ನೂ ಒಟ್ಟಿಗೆ ಬಳಸಬೇಕಾಗಿತ್ತು. ಹೊಸ ಕಾರನ್ನು ತಂದ ಅವನ ನೆರೆಯವನು ಹಾಗೆ ಮಾಡಿದ್ದರೆ ಅದು ತಪ್ಪಾಗುತ್ತಿತ್ತು. ಸರಿಯಾದ ಕ್ರಮವೆಂಬುದು ಪುಸ್ತಕದಲ್ಲಿರಲಿಲ್ಲ, ಕಾರಿನ ಅಡಿಯಲ್ಲಿದ್ದ ತಂತಿ ಸಲಾಕೆಗಳಲ್ಲಿತ್ತು.

ಯುದ್ಧದಿಂದಾಗಿ 1939ರ ಸೆಪ್ಟೆಂಬರಿನಲ್ಲಿ ಪರೀಕ್ಷೆಗಳು ನಿಂತು 1946ರ ನವೆಂಬರಿನಲ್ಲಿ ಮರಳಿ ಆರಂಭವಾದವು. ಸೂಯೆಜ್ ಬಿಕ್ಕಟ್ಟಿನಲ್ಲಿ 1956ರ ನವೆಂಬರಿನಿಂದ 1957ರ ಏಪ್ರಿಲಿನವರೆಗೆ ಮತ್ತೊಮ್ಮೆ ನಿಂತವು. ಪರೀಕ್ಷಕರು ಪೆಟ್ರೋಲು ಪಡಿತರದ ಲೆಕ್ಕ ನೋಡಲು ಹೋದರು, ಕಲಿಯುವವರು ಜೊತೆಗಾರರಿಲ್ಲದೆ ಒಬ್ಬರೇ ಕಾರು ನಡೆಸಬಹುದೆಂದು ಅಪ್ಪಣೆಯಾಯಿತು.

ಈ ನಡುವೆ 1946ರ ಹೈವೇ ಕೋಡಿನಲ್ಲಿ ಒಂದು ಹೊಸ ವಿಷಯ ಸೇರಿತು. ಅದುವೇ ನಿಲುಗಡೆಯ ದೂರ. ಈ ಲೇಖಕನ ದೃಷ್ಟಿಯಲ್ಲಿ ಬ್ರೇಕಿನ ಯಾವ ಸುಧಾರಣೆಗಿಂತಲೂ ಇದು ಮಹತ್ತರವಾದ ಘಟನೆ. ಏಕೆಂದರೆ ಸಾಮಾನ್ಯ ಓದುಗನಿಗೆ ಇದು ನಿಲುಗಡೆಯನ್ನು ಎರಡಾಗಿ ಒಡೆದು ತೋರಿಸಿತು. ಅಪಾಯವನ್ನು ಕಂಡ ಕ್ಷಣದಿಂದ ಕಾಲು ಬ್ರೇಕನ್ನು ಮುಟ್ಟುವವರೆಗೆ ಬಂಡಿ ಓಡುವ ದೂರವೊಂದು. ಬ್ರೇಕು ಹಿಡಿದಾಗಿನಿಂದ ನಿಲ್ಲುವವರೆಗಿನ ದೂರ ಇನ್ನೊಂದು. ಮೊದಲನೆಯದನ್ನು ಯೋಚನೆಯ ದೂರವೆಂದೂ ಎರಡನೆಯದನ್ನು ಬ್ರೇಕಿನ ದೂರವೆಂದೂ ಕರೆಯೋಣ. ಅಭ್ಯರ್ಥಿಗಳು ತಲೆಮಾರುಗಳಿಂದ ಬಾಯಿಪಾಠ ಮಾಡುತ್ತ ಬಂದಿರುವ ಅಂಕಿಗಳ ಹಿಂದೆ ಇರುವ ಸೂತ್ರ ಸರಳವಾಗಿದೆ. ಗಂಟೆಗೆ ಎಷ್ಟು ಮೈಲಿಯೋ ಅಷ್ಟು ಅಡಿ ಯೋಚನೆಯ ದೂರ. ವೇಗವನ್ನು ಅದರಿಂದಲೇ ಗುಣಿಸಿ 20ರಿಂದ ಭಾಗಿಸಿದರೆ ಬ್ರೇಕಿನ ದೂರ. 20 ಮೈಲಿಯ ವೇಗದಲ್ಲಿ 20 ಅಡಿ ಮತ್ತು 20 ಅಡಿ, ಒಟ್ಟು 40 ಅಡಿ, ಎಂದರೆ 12 ಮೀಟರು. 30 ಮೈಲಿಯಲ್ಲಿ 30 ಮತ್ತು 45, ಒಟ್ಟು 75 ಅಡಿ. 40ರಲ್ಲಿ 120 ಅಡಿ, 50ರಲ್ಲಿ 175 ಅಡಿ, 60ರಲ್ಲಿ 240 ಅಡಿ, 70ರಲ್ಲಿ 315 ಅಡಿ, ಎಂದರೆ 96 ಮೀಟರು. ವೇಗವು ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ ಎಂಬ ಭೌತಶಾಸ್ತ್ರದ ತತ್ತ್ವ ಇಲ್ಲಿ ಅಂಗಡಿಯ ಲೆಕ್ಕದಂತೆ ಕಣ್ಣಿಗೆ ಕಟ್ಟುತ್ತದೆ.

60 ಮೈಲಿಯ ವೇಗದಲ್ಲಿ ಬ್ರೇಕಿನ ದೂರ 180 ಅಡಿ, ಅರ್ಥಾತ್ ಸರಿಯಾಗಿ 60 ಗಜ. ಬಾವುಟದವನಿಗೆ 1865ರಲ್ಲಿ ನಿಗದಿಮಾಡಿದ್ದ ಅಂತರವೂ ಅದೇ. ಇದು ಕೇವಲ ಕಾಕತಾಳೀಯ. ಆದರೂ ವಿದ್ಯಾರ್ಥಿಗಳು ನೆನಪಿಡುವುದಕ್ಕೆ ಅನುಕೂಲವಾದೀತೆಂದು ಹೇಳಿದೆ.

ಈ ಕೋಷ್ಟಕದ ಬ್ರೇಕಿನ ಭಾಗವು ಕಾಲಕ್ರಮದಲ್ಲಿ ಹಳೆಯದಾಯಿತು. ಒಳ್ಳೆಯ ಟೈರು, ಒಣಗಿದ ರಸ್ತೆ ಇರುವಾಗ ಇಂದಿನ ಕಾರು ಅದಕ್ಕಿಂತ ಕಡಮೆ ದೂರದಲ್ಲಿ ನಿಲ್ಲಬಲ್ಲದು. ಯೋಚನೆಯ ಭಾಗದಲ್ಲಿ ಮಾತ್ರ ತಪ್ಪು ಎದುರು ದಿಕ್ಕಿನಲ್ಲಿದೆ. ಮೈಲಿಗೊಂದು ಅಡಿ ಎಂದರೆ ಒಂದು ಸೆಕೆಂಡಿನ ಮೂರರಲ್ಲಿ ಎರಡು ಪಾಲು ಕಾಲಾವಕಾಶ. ನಿಲ್ಲಿಸುವ ಸೂಚನೆ ಬರಲಿದೆಯೆಂದು ಗೊತ್ತಿದ್ದು ಕಾದು ಕುಳಿತವನಿಗೆ ಅಷ್ಟು ಸಾಕು. ಮನೆಯ ಚಿಂತೆಯಲ್ಲಿ ಸಾಗುತ್ತಿರುವವನಿಗೆ ಸಾಲದು. 2017ರಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾಲಯವು ಒಂದು ರಸ್ತೆ ಸುರಕ್ಷತಾ ಸಂಸ್ಥೆಗಾಗಿ ಪರಿಶೀಲಿಸಿ, ಸರಾಸರಿ ಒಂದೂವರೆ ಸೆಕೆಂಡು ಬೇಕಾಗುತ್ತದೆಂದು ಹೇಳಿತು. 30 ಮೈಲಿಯ ವೇಗದಲ್ಲಿ ಸೆಕೆಂಡಿಗೆ 44 ಅಡಿ ಹೋಗುವ ಬಂಡಿಯು ಒಂದೂವರೆ ಸೆಕೆಂಡಿನಲ್ಲಿ 66 ಅಡಿ ಹೋಗಿರುತ್ತದೆ. ಕೋಷ್ಟಕದವರು ಲೆಕ್ಕ ಹಿಡಿದದ್ದು 30 ಅಡಿ. ಪರೀಕ್ಷೆಯ ನಿಲುಗಡೆಗೂ ಬದುಕಿನ ನಿಲುಗಡೆಗೂ ಇರುವ ಅಂತರ ಈ 36 ಅಡಿಗಳಲ್ಲಿದೆ.

ಇನ್ನು ಕಾಲಿನ ಕ್ರಮಕ್ಕೆ ಬರೋಣ. ಗೇರನ್ನು ಇಳಿಸುತ್ತ ವೇಗವನ್ನು ಕಳೆಯುವ ಹಳೆಯ ಪದ್ಧತಿಯು ಬ್ರೇಕು ದುರ್ಬಲವಾಗಿದ್ದ ಕಾಲದ ವಿವೇಕ. ಬ್ರೇಕುಗಳು ದ್ರವದ ಒತ್ತಡದಿಂದ ನಡೆಯುವಂತಾಗಿ ನಾಲ್ಕು ಚಕ್ರಗಳನ್ನೂ ಸಮವಾಗಿ ಹಿಡಿಯತೊಡಗಿದ ಮೇಲೆ ಶಿಕ್ಷಕರು ಅದನ್ನು ಬಿಡಿಸತೊಡಗಿದರು. ಗೇರು ಹೋಗುವುದಕ್ಕೆ, ಬ್ರೇಕು ನಿಲ್ಲುವುದಕ್ಕೆ ಎಂದು ಕಲಿಸಿದರು. ಆದರೆ ಈ ಬದಲಾವಣೆ ಏಕಕಾಲದಲ್ಲಿ ಆಗಲಿಲ್ಲ. ಸಲಾಕೆಗಳಿಂದ ಎಳೆಯುವ ಬ್ರೇಕಿನ ಫೋರ್ಡ್ ಪಾಪ್ಯುಲರ್ 1959ರವರೆಗೂ ತಯಾರಾಗುತ್ತಿತ್ತು; ಆ ಹೊತ್ತಿಗೆ, 1953ರಲ್ಲೇ, ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲ ಮಾನ್ ಪಂದ್ಯವನ್ನು ಗೆದ್ದು ಆರು ವರ್ಷಗಳಾಗಿದ್ದವು. ಕ್ಲಚ್ಚಿನ ವಿಷಯದಲ್ಲಿಯೂ ವಾದವಿತ್ತು. ಸಾಧಾರಣ ನಿಲುಗಡೆಯಲ್ಲಿ ಕ್ಲಚ್ಚನ್ನು ಬೇಗ ಒತ್ತಿದರೆ ಇಂಜಿನಿನ ತಡೆ ತಪ್ಪಿ ಬಂಡಿ ತೇಲಿದಂತೆ ಹೋಗುತ್ತದೆ. ತೀರ ತಡವಾಗಿ ಒತ್ತಿದರೆ ಇಂಜಿನು ನಡುಗಿ ನಿಲ್ಲುತ್ತದೆ. ನಡುಕ ಬರುವುದಕ್ಕೆ ಸ್ವಲ್ಪ ಮೊದಲು ಒತ್ತುವುದು ಸರಿಯಾದ ಕ್ರಮ. ಬ್ರೇಕನ್ನಾದರೋ ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಬಂಡಿ ನಿಲ್ಲುವ ಗಳಿಗೆಯಲ್ಲಿ ಮತ್ತೆ ಸಡಿಲವಾಗಿ ಒತ್ತಬೇಕು. ಹಾಗೆ ಮಾಡಿದರೆ ಒಳಗೆ ಕುಳಿತವರ ತಲೆ ಮುಂದಕ್ಕೆ ಬಾಗುವುದಿಲ್ಲ.

ತುರ್ತು ನಿಲುಗಡೆಯಲ್ಲಿ ಚಕ್ರಗಳು ಸಿಕ್ಕಿಕೊಂಡು ಜಾರುವುದೇ ದೊಡ್ಡ ಭಯ. ಜಾರುವ ಚಕ್ರ ದಿಕ್ಕನ್ನು ಕೇಳುವುದಿಲ್ಲ. ಆದ್ದರಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ ನಿಲ್ಲಿಸುವ ಕ್ರಮವನ್ನು ಜಾರುವ ರಸ್ತೆಗಾಗಿ ದಶಕಗಳ ಕಾಲ ಕಲಿಸಿದರು. ಮನುಷ್ಯನ ಕಾಲು ಸೆಕೆಂಡಿಗೆ ಒಂದೆರಡು ಬಾರಿ ಮಾಡಬಲ್ಲ ಈ ಕೆಲಸವನ್ನು ಅನೇಕ ಬಾರಿ ಮಾಡುವ ಯಂತ್ರವನ್ನು ಮೊದಲು ವಿಮಾನಗಳಿಗೆ ಅಳವಡಿಸಿದರು. 1966ರ ಜೆನ್ಸನ್ ಎಫ್‌ಎಫ್ ಎಂಬ ದುಬಾರಿ ಇಂಗ್ಲಿಷ್ ಕಾರಿನಲ್ಲಿ ಅದು ರಸ್ತೆಗಿಳಿಯಿತು. 1978ರಲ್ಲಿ ಬಾಷ್ ಕಂಪೆನಿಯ ವಿದ್ಯುನ್ಮಾನ ರೂಪದಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಿಗೆ ಬಂದಿತು. ಎಬಿಎಸ್ ಎಂದು ಈಗ ಎಲ್ಲರೂ ಬಲ್ಲ ಈ ಸಾಧನವು ಸರಿ ತಪ್ಪುಗಳನ್ನು ಅದಲುಬದಲು ಮಾಡಿಬಿಟ್ಟಿತು. ಇದಿರುವ ಕಾರಿನಲ್ಲಿ ಕಾಲನ್ನು ಬಿಟ್ಟು ಒತ್ತುವುದು ತಪ್ಪು. ಗಟ್ಟಿಯಾಗಿ ಮೆಟ್ಟಿ, ಪಾದದಡಿಯಲ್ಲಿ ಪಟ್ಟಿ ಅದುರಿದರೂ ಬೆದರದೆ, ಬಂಡಿ ನಿಲ್ಲುವವರೆಗೂ ಹಿಡಿದಿರುವುದು ಸರಿ. ಬಲಗಾಲು ಬ್ರೇಕನ್ನು ಮೆಟ್ಟಿದ ಬೆನ್ನಿಗೇ ಎಡಗಾಲು ಕ್ಲಚ್ಚನ್ನು ಮೆಟ್ಟಬೇಕು. ಬಂಡಿ ನಿಂತ ಮೇಲೆ ಕೈಬ್ರೇಕು ಹಾಕಿ, ಮತ್ತೆ ಹೊರಡುವ ಮುನ್ನ ಎರಡು ಪಕ್ಕಗಳನ್ನೂ ತಿರುಗಿ ನೋಡಬೇಕು. ಏಕೆಂದರೆ ನಿಂತಿರುವುದು ರಸ್ತೆಯ ನಡುವೆ. ಈ ಕೊನೆಯದನ್ನು ಮರೆತು ಅನುತ್ತೀರ್ಣರಾಗುವವರು ಕಡಮೆಯಲ್ಲ.

ಕಾಲಿನ ಕೆಲಸ ಹೀಗೆ ಸುಲಭವಾದಂತೆ ಪರೀಕ್ಷೆಯಲ್ಲಿ ಅದರ ಬೆಲೆಯೂ ಇಳಿಯಿತು. ಒಮ್ಮೆ ಪ್ರತಿಯೊಬ್ಬ ಅಭ್ಯರ್ಥಿಗೂ ವಿಧಿಸುತ್ತಿದ್ದ ತುರ್ತು ನಿಲುಗಡೆಯು 1990ರ ದಶಕದ ಕೊನೆಯ ವೇಳೆಗೆ ಮೂವರಲ್ಲಿ ಒಬ್ಬನಿಗೆಂದಾಯಿತು. 2025ರ ನವೆಂಬರಿನಲ್ಲಿ ಏಳು ಮಂದಿಯಲ್ಲಿ ಒಬ್ಬನಿಗೆಂದಾಯಿತು. ಅದೇ ಕಾಲದಲ್ಲಿ ಕಣ್ಣಿನ ಬೆಲೆ ಏರಿತು. 1996ರಲ್ಲಿ ಲಿಖಿತ ಪರೀಕ್ಷೆಯು ಪ್ರತ್ಯೇಕವಾಯಿತು. 2002ರ ನವೆಂಬರಿನಲ್ಲಿ ಅದಕ್ಕೆ ಅಪಾಯದ ಗ್ರಹಿಕೆಯ ಪರೀಕ್ಷೆ ಸೇರಿತು: ಹದಿನಾಲ್ಕು ಚಲಚ್ಚಿತ್ರದ ತುಣುಕುಗಳು, ಅವುಗಳಲ್ಲಿ ಹದಿನೈದು ಅಪಾಯಗಳು, ಬೆಳೆಯುತ್ತಿರುವ ಅಪಾಯವನ್ನು ಎಷ್ಟು ಬೇಗ ಗುರುತಿಸಿದರೆ ಅಷ್ಟು ಹೆಚ್ಚು ಅಂಕ. ಇಲ್ಲಿ ಯಾರೂ ಕೈಯೆತ್ತುವುದಿಲ್ಲ. ಮೊತ್ತಮೊದಲ ಬಾರಿಗೆ ಅಭ್ಯರ್ಥಿಯೇ ಬಾವುಟದವನ ಸ್ಥಾನದಲ್ಲಿ ನಿಂತನು. 1935ರಿಂದ ಲೆಕ್ಕಹಾಕಿದರೆ ಇದಕ್ಕೆ 67 ವರ್ಷಗಳು ಹಿಡಿದವು.

ನಮ್ಮ ಕಡೆಗೆ ಬರುವುದಾದರೆ, 1939ರ ಕಾಯಿದೆಯು ಬ್ರಿಟಿಷ್ ಇಂಡಿಯಾಕ್ಕಾಗಿ ಆದ ಶಾಸನ. ಆದ್ದರಿಂದ ಅದರ ಪರೀಕ್ಷೆಯ ಕಲಮುಗಳು ಧಾರವಾಡ, ಮಂಗಳೂರು, ಬಳ್ಳಾರಿಗಳ ಕನ್ನಡಿಗರಿಗೆ ನೇರವಾಗಿ ಅನ್ವಯಿಸಿದವು. ಮೈಸೂರು ಸಂಸ್ಥಾನವು ಅದರ ವ್ಯಾಪ್ತಿಗೆ ಹೊರಗಿತ್ತು. 1988ರ ಕಾಯಿದೆಯು ಇದನ್ನು ರದ್ದುಮಾಡಿದರೂ ನಿಲುಗಡೆಯ ಕಲಮು 1989ರ ನಿಯಮಗಳಲ್ಲಿ ಮರುಹುಟ್ಟು ಪಡೆಯಿತು. ಇಳಿಜಾರಿನಲ್ಲಿ ಚುರುಕಾಗಿ ಕೆಳಗಿನ ಗೇರಿಗೆ ಬದಲಾಯಿಸಬಲ್ಲನೇ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸಬಲ್ಲನೇ ಎಂದೂ ಆ ನಿಯಮ ಕೇಳುತ್ತದೆ. ಆಗುಂಬೆ, ಶಿರಾಡಿ ಘಟ್ಟಗಳನ್ನು ಇಳಿದವರಿಗೆ ಈ ಕಲಮಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದಕ್ಕೂ ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಕೊನೆಯ ತಿರುವಿನಲ್ಲಿ ಕೈಕೊಡುತ್ತದೆ. ಇಂಗ್ಲೆಂಡಿನ ಶಿಕ್ಷಕರು ಬಿಡಿಸಿದ ಹಳೆಯ ಪದ್ಧತಿ ಘಟ್ಟದಲ್ಲಿ ಇಂದಿಗೂ ಸರಿಯಾದ ಪದ್ಧತಿಯೇ.

ನಿಯಮದಲ್ಲಿ ಇರುವುದೆಲ್ಲ ಪರೀಕ್ಷೆಯಲ್ಲಿ ನಡೆಯುತ್ತದೆಂದು ಭಾವಿಸಲಾಗದು. ಈ ಲೇಖಕನು ಪರವಾನಗಿ ಪಡೆದಾಗ ಎಂಟರ ಆಕಾರದಲ್ಲಿ ಒಂದು ಸುತ್ತು, ಹಿಂದಕ್ಕೆ ನಾಲ್ಕು ಮಾರು, ಅಲ್ಲಿಗೆ ಪರೀಕ್ಷೆ ಮುಗಿಯಿತು. ತುರ್ತಾಗಿ ನಿಲ್ಲಿಸೆಂದು ಯಾರೂ ಹೇಳಲಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ನಿಲುಗಡೆಯನ್ನು ಪರೀಕ್ಷಿಸಿದ್ದರೆ ಇದು ತಗ್ಗುತ್ತಿತ್ತೆಂದು ವಾದಿಸಲು ಈ ಅಂಕಿಯೊಂದೇ ಸಾಲದು. ರಸ್ತೆ, ಬೆಳಕು, ಮದ್ಯ, ವೇಗ ಎಲ್ಲವೂ ಅದರಲ್ಲಿ ಸೇರಿವೆ. ಆದರೂ ಶಾಸನದಲ್ಲಿ ಎಂಟು ದಶಕಗಳಿಂದ ಇರುವ ಪ್ರಶ್ನೆಯೊಂದನ್ನು ಅಭ್ಯರ್ಥಿಗೆ ಕೇಳದೆ ಕಳುಹಿಸುವುದು ಹೇಗೆ ರೂಢಿಯಾಯಿತು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಕಾರು ಕಲಿಯುತ್ತಿದ್ದನು. ಅವನ ಶಿಕ್ಷಕರು ಅಂಬಾಸಿಡರಿನಲ್ಲಿ ಕೈ ಪಳಗಿಸಿಕೊಂಡ ಹಿರಿಯರು. ಗಾಬರಿಯಾದಾಗ ಬ್ರೇಕನ್ನು ಒತ್ತಿ ಬಿಟ್ಟು ಒತ್ತಬೇಕೆಂದು ಹೇಳಿಕೊಟ್ಟಿದ್ದರು. ಕಾರಿನ ಜೊತೆಗೆ ಬಂದ ಕೈಪಿಡಿಯಲ್ಲಿ ಹಾಗೆ ಮಾಡಕೂಡದೆಂದಿತ್ತು. ಯಾವುದು ಸರಿ ಎಂದು ಅವನು ನನ್ನನ್ನು ಕೇಳಿದನು. ನಿಮ್ಮ ಶಿಕ್ಷಕರು ಅವರ ಕಾರಿನ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ, ನೀನು ಕೈಪಿಡಿಯಂತೆ ಮಾಡು ಎಂದೆನು. ಪರೀಕ್ಷೆಯಲ್ಲಿ ಅವನಿಗೂ ಆ ಪ್ರಶ್ನೆ ಬರಲಿಲ್ಲವಂತೆ.